ಹುಳದ ಡಬ್ಬಿ

ಟೈಲರಮ್ಮನಿಗೆ ಕೋಪ ಬಂದಿದೆ ಎನ್ನುವುದು ಕಟ್ಟಡದವರಿಗೆಲ್ಲ ಅವಳ ಮಿಷನ್ನಿನ ಸದ್ದಿನಿಂದಲೇ ತಿಳಿಯುತ್ತಿತ್ತು. ನೆಲಮಹಡಿಯ ಅವಳ ಅಂಗಡಿಯಲ್ಲಿ ಮಾಮೂಲು ದಿನ ಹೊಲಿಗೆ ಹದವಾಗಿ ಓಡುತ್ತದೆ, ನಡುನಡುವೆ ನಿಂತು ಉಸಿರು ಬಿಡುತ್ತದೆ. ಕೋಪ ಬಂದ ದಿನ ಪ್ಯಾಂಟಿನ ಅಂಚನ್ನು ಒಂದೇ ಓಟಕ್ಕೆ ಮುಗಿಸಿ ಎಸೆಯುತ್ತಾಳೆ. ಅಂಥ ಪ್ಯಾಂಟಿನ ಬಟ್ಟೆ ಹರಿದೀತು, ಹೊಲಿಗೆ ಬಿಡುವುದಿಲ್ಲ. ಆ ತಿಂಗಳು ಅವಳ ಹತ್ತಿರ ಹೊಲಿಸಿಕೊಂಡವರೆಲ್ಲ ಅದೃಷ್ಟವಂತರೆಂದೇ ಹೇಳಬೇಕು, ಯಾಕೆಂದರೆ ತಿಂಗಳಿಡೀ ಅವಳ ಕೋಪ ಇಳಿದಿರಲಿಲ್ಲ.

ಕೋಪಕ್ಕೆ ಕಾರಣ ಹುಳ. ಹುಳಕ್ಕಿಂತ ಹೆಚ್ಚಾಗಿ ಎದುರುಮನೆಯ ಮ್ಯಾನೇಜರಮ್ಮ.

ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಟೈಲರಮ್ಮನ ತರಕಾರಿ ತೋಟವಿತ್ತು. ತೋಟ ಎಂದರೆ ಕಂಡವರು ನಕ್ಕಾರು. ಕಿವಿ ಮುರಿದ ಬಕೆಟ್ಟುಗಳು, ತೂತಾದ ಟಬ್ಬು, ಬಣ್ಣದ ಖಾಲಿ ಡಬ್ಬಗಳು, ಯಾರೋ ಬಿಸಾಕಿದ ಹಳೇ ಟ್ರಂಕು. ಆದರೆ ಅದರಲ್ಲಿ ಬದನೆ ಇತ್ತು, ಟೊಮೆಟೊ ಇತ್ತು, ಬೀನ್ಸ್ ಬಳ್ಳಿ ಟ್ಯಾಂಕಿನ ಪೈಪು ಹಿಡಿದು ಮೇಲೆ ಹತ್ತಿತ್ತು, ಎಲೆಕೋಸು ಇನ್ನೇನು ತಲೆ ಕಟ್ಟುವುದರಲ್ಲಿತ್ತು. ಅಷ್ಟು ಮಣ್ಣನ್ನೂ ಅವಳೇ ಚೂರುಬಟ್ಟೆಯ ಚೀಲ ಹೊಲಿದು, ಮಂಡಿ ನೋವನ್ನು ಬೈಯುತ್ತಾ, ಮೆಟ್ಟಿಲ ಮೇಲೆ ಹೊತ್ತುಹಾಕಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಅಳತೆಗೆ ಕತ್ತರಿಸುವ ಹೆಂಗಸಿಗೆ ತನ್ನ ಅಳತೆಗೆ ಇದ್ದ ಜಾಗ ಅದೊಂದೇ.

ಅಲ್ಲಿಗೆ ಹುಳ ಬಂತು. ಎಲೆಕೋಸಿನಲ್ಲಿ ನರದ ಮೇಲೇ ಮಲಗಿ ನರದ ಬಣ್ಣವೇ ಆಗಿಬಿಡುವ ಹಸಿರು ಹುಳ. ಬದನೆಯ ಕುಡಿ ಹೊಕ್ಕು ಬಾಡಿಸುವ ಹುಳ. ಟೊಮೆಟೊಗೆ ತಲೆ ತೂರಿಸಿ ಬೆನ್ನು ಮಾತ್ರ ಹೊರಗಿಟ್ಟುಕೊಂಡು ತಿನ್ನುವ, ಪಕ್ಕೆಯಲ್ಲಿ ಬಿಳಿಗೆರೆಯುಳ್ಳ ಲಜ್ಜೆಗೆಟ್ಟ ಹುಳ. ಒಂದು ಹಣ್ಣನ್ನು ಪೂರ್ತಿ ತಿಂದರೆ ಬೇಡವೆನ್ನುತ್ತಿರಲಿಲ್ಲ, ಇದರಲ್ಲೊಂದು ತೂತು ಅದರಲ್ಲೊಂದು ತೂತು ಮಾಡಿ ಹತ್ತು ಹಣ್ಣು ಕೆಡಿಸುವುದು ಯಾವ ಸೀಮೆಯ ಮರ್ಯಾದೆ ಎಂದು ಟೈಲರಮ್ಮ ಹುಳದ ಮುಖಕ್ಕೇ ಹೇಳುತ್ತಿದ್ದಳು.

ಔಷಧಿ ಹೊಡೆಯಿರಿ ಎಂದವರಿಗೆ ಅವಳದು ಕಡ್ಡಿ ಮುರಿದಂಥ ಉತ್ತರ. "ವಿಷ ಹೊಡೆಯೋದು ಕೈಲಾಗದವರ ಕೆಲಸ. ನನಗೆ ಕಣ್ಣಿದೆ, ಚಿಮಟ ಇದೆ." ಹೊಲಿಗೆಯ ದಾರ ಕೀಳುವ ಚಿಮಟ ಹಿಡಿದು ದಿನಾ ಬೆಳಿಗ್ಗೆ, ಅಂಗಡಿ ತೆಗೆಯುವ ಮುಂಚೆ, ಅವಳು ಒಂದೊಂದೇ ಎಲೆ ಮಗುಚುತ್ತಿದ್ದಳು. ಎಲೆಯ ಮೇಲೆ ಕಪ್ಪು ಹಿಕ್ಕೆ ಕಂಡರೆ ಅದರ ಮೇಲಿನ ಎಲೆ ಹುಡುಕು. ತೂತು ಕಂಡರೆ ಎಲೆಯ ಹಿಂಬದಿ ನೋಡು. ಅಡಿಯಲ್ಲಿ ಮೊಟ್ಟೆಗಳಿದ್ದರೆ ಹೆಬ್ಬೆರಳಲ್ಲಿ ಒರಸು. ಸೂಜಿಗೆ ದಾರ ಪೋಣಿಸಿ ಪಳಗಿದ ಕಣ್ಣಿಗೆ ತಪ್ಪಿಸಿಕೊಳ್ಳುವ ಹುಳ ಕಡಿಮೆ. ಹಿಡಿದದ್ದನ್ನೆಲ್ಲ ಒಂದು ಸಣ್ಣ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ ಗಂಡನ ಕೈಗೆ ಕೊಟ್ಟರೆ ಅವಳ ಕೆಲಸ ಮುಗಿಯಿತು.

ಗಂಡ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಬಸ್ಸು ಬಿಟ್ಟು ವರ್ಷಗಳಾದರೂ ಕಟ್ಟಡದವರಿಗೆ ಅವರು ಇವತ್ತಿಗೂ ಕಂಡಕ್ಟರೇ. ನೌಕರಿಯುದ್ದಕ್ಕೂ ಚಿಲ್ಲರೆ ಇಲ್ಲದವರನ್ನೂ ನಡುದಾರಿಯಲ್ಲಿ ಇಳಿಸಿದವರಲ್ಲ, ಕುಡಿದವನನ್ನೂ ಅವನ ಸ್ಟಾಪಿಗೆ ಎಬ್ಬಿಸಿ ಕೈಹಿಡಿದು ಇಳಿಸಿದವರು. ಡಬ್ಬಿಯನ್ನು ಸೋಪಿನ ನೀರಿನಲ್ಲಿ ಮುಳುಗಿಸಿ, ತೊಳೆದು, ಒರಸಿ, ಮರುದಿನಕ್ಕೆ ತಂದಿಡುವುದು ಅವರ ಪಾಲಿನ ಕೆಲಸ. ಡಬ್ಬಿ ಯಾವತ್ತೂ ಫಳಫಳ ಹೊಳೆಯುತ್ತ ಬರುತ್ತಿತ್ತು. "ನಮ್ಮನೆಯವರು ಒಂದು ಕೆಲಸ ಹೇಳಿದ್ರೆ ಹೇಳಿದ ಹಾಗೆ ಮಾಡ್ತಾರೆ," ಎಂದು ಟೈಲರಮ್ಮ ಗಿರಾಕಿಗಳ ಮುಂದೆ ಬೀಗುತ್ತಿದ್ದಳು.

ಇನ್ನು ಮ್ಯಾನೇಜರಮ್ಮ. ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತಳಾದ ಒಂಟಿ ಹೆಂಗಸು. ಎರಡೂ ಮನೆ ಮೇಲಿನ ಮಹಡಿಯಲ್ಲಿ, ಬಾಗಿಲಿಗೆ ಬಾಗಿಲು ಎದುರು. ನಡುವಿನ ಮೊಗಸಾಲೆಯ ಎತ್ತರದ ಕಿಟಕಿಯ ಬೆಳಕಿನಲ್ಲಿ ಅವಳ ಕುಂಡಗಳ ಸಾಲು: ಕ್ರೋಟನ್, ಜೆರೇನಿಯಂ, ಮನಿಪ್ಲಾಂಟು, ಎಲ್ಲಕ್ಕೂ ಮುಂದೆ ಒಂದು ದೊಡ್ಡ ಬಿಗೋನಿಯಾ. ಅವುಗಳ ಎಲೆಗಳನ್ನು ಅವಳು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರಸುತ್ತಿದ್ದಳು. ಇದನ್ನು ಕಂಡರೆ ಟೈಲರಮ್ಮನಿಗೆ ಮೈಯೆಲ್ಲ ಉರಿ. ತಾರಸಿಯಲ್ಲಿ ತರಕಾರಿ ಬೆಳೆಯುವ ಮಾತೆತ್ತಿದಾಗ "ತಾರಸಿ ಏನು ಸಂತೆಯಾ?" ಎಂದು ಕೇಳಿದವಳು ಇದೇ ಮ್ಯಾನೇಜರಮ್ಮ. ಅಂದಿನಿಂದ ಟೈಲರಮ್ಮ ಆ ಕುಂಡಗಳ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದಳು.

ಒಂದು ದಿನ ಊಟದ ಹೊತ್ತಿನಲ್ಲಿ ಗಂಡನ ಹತ್ತಿರ ಅಂದಿದ್ದಳು ಕೂಡ. "ತಿನ್ನೋಕೆ ಬರಲ್ಲ, ಮೂಸೋಕೆ ಬರಲ್ಲ, ಅಂಥ ಗಿಡಕ್ಕೆ ಅಷ್ಟೊಂದು ಸೇವೆ! ಹುಳ ಹೋಗಿ ಅದನ್ನ ತಿನ್ನಬಾರದಾ? ಅದರ ಹೊಟ್ಟೆನಾದ್ರೂ ತುಂಬೋದು, ನಮ್ಮ ಬದನೆನೂ ಉಳಿಯೋದು."

ಕಂಡಕ್ಟರು "ಹೂಂ" ಎಂದಿದ್ದರು. ಅವರು ಎಲ್ಲದಕ್ಕೂ ಹೂಂ ಎನ್ನುವವರೇ ಆದ್ದರಿಂದ ಟೈಲರಮ್ಮ ಅದನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಇದಾದ ಕೆಲವು ದಿನಕ್ಕೆ, ಟೈಲರಮ್ಮ ಅಂಗಡಿಗೆ ಇಳಿಯಲೆಂದು ಬಾಗಿಲು ತೆಗೆದರೆ, ಮ್ಯಾನೇಜರಮ್ಮ ಹಳೇ ಪೇಪರಿನ ತುಂಡೊಂದನ್ನು ಮೈಯಿಂದ ಆದಷ್ಟು ದೂರ ಚಾಚಿ ಹಿಡಿದು ನಿಂತಿದ್ದಳು. ಪೇಪರಿನ ಮೇಲೆ ಒಂದು ಹುಳ.

"ಇದು ನಿಮ್ಮದು," ಎಂದಳು.

"ನಂದಾ? ನಾನು ಹುಳ ಹೆತ್ತಿಲ್ಲಮ್ಮ."

"ನಿಮ್ಮ ತಾರಸಿದು. ನನ್ನ ಬಿಗೋನಿಯಾ ಎಲೆ ಜರಡಿ ಆಗಿದೆ. ಇಷ್ಟು ವರ್ಷದಲ್ಲಿ ನನ್ನ ಗಿಡಕ್ಕೆ ಒಂದು ಹುಳ ಬಂದಿರ್ಲಿಲ್ಲ. ನೀವು ಮೇಲೆ ಬದನೆ ಗಿದನೆ ಅಂತ ಶುರು ಮಾಡಿದ್ರಿ, ಇವು ಇಳಿದು ಬಂದ್ವು."

"ಹುಳದ ಹಣೆ ಮೇಲೆ ವಿಳಾಸ ಬರೆದಿದೆಯಾ? ನರ್ಸರಿಯಿಂದ ಮಣ್ಣು ತರಿಸ್ತೀರಲ್ಲ, ಅದರಲ್ಲೇ ಬಂದಿರುತ್ತೆ."

"ಅದು ಸೀಲ್ ಮಾಡಿದ ಪ್ಯಾಕೆಟ್ಟು."

"ಬಿಸ್ಕತ್ತೂ ಸೀಲ್ ಮಾಡಿದ ಪ್ಯಾಕೆಟ್ಟಲ್ಲೇ ಬರುತ್ತೆ. ಹುಳ ಇರಲ್ವಾ?"

ಮಾತಿಗೆ ಮಾತು ಬೆಳೆಯಿತು. ಸದ್ದು ಕೇಳಿ ಕೆಳಗಿನ ಮಹಡಿಯ ಬಾಗಿಲುಗಳು ತೆರೆದವು, ಕಟ್ಟಡದ ಸಂಘದ ಅಧ್ಯಕ್ಷರು ಅರ್ಧ ಗಡ್ಡ ಕೆರೆದುಕೊಂಡ ಮುಖದಲ್ಲೇ ಮೇಲೆ ಬಂದರು. ಅಧ್ಯಕ್ಷರಿಗೆ ಸ್ವಂತ ಅಭಿಪ್ರಾಯ ಎಂಬುದು ಇರಲಿಲ್ಲ, ಕೊನೆಗೆ ಯಾರು ಮಾತಾಡಿದರೋ ಅವರದೇ ಅವರ ಅಭಿಪ್ರಾಯ. ದುರದೃಷ್ಟಕ್ಕೆ ಅವತ್ತು ಕೊನೆಗೆ ಮಾತಾಡಿದವಳು ಮ್ಯಾನೇಜರಮ್ಮ. ಭಾನುವಾರ ಎಲ್ಲರೂ ಸೇರುವುದು, ಔಷಧಿ ಹೊಡೆಯುವವನನ್ನು ಕರೆಸಿ ತಾರಸಿಗೆ ಮಿಷನ್ನಿನಲ್ಲಿ ಹೊಡೆಸುವುದು, ಕುಂಡಗಳನ್ನು ಖಾಲಿ ಮಾಡಿಸುವುದು ಎಂದಾಯಿತು.

ಟೈಲರಮ್ಮನ ಕಿವಿಯ ತುದಿ ಕೆಂಪಾಯಿತು. ತಲೆ ಕಟ್ಟುತ್ತಿರುವ ಎಲೆಕೋಸಿನ ಮೇಲೆ ವಿಷ! ಮಂಡಿ ಸವೆಸಿ ಹೊತ್ತ ಮಣ್ಣು ಬೀದಿಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಕೇಳಿದ್ದಳು, ಇವತ್ತು ಕಣ್ಣಾರೆ ಕಂಡಳು.

"ನೀವು ಕೊಲೆಗಾತಿ ಕಣ್ರಿ," ಎಂದಳು ಮ್ಯಾನೇಜರಮ್ಮನಿಗೆ. "ತಿನ್ನೋ ಗಿಡಕ್ಕೆ ವಿಷ ಹಾಕಕ್ಕೆ ಹೊರಟಿದೀರ. ಎಲ್ಲರೂ ಕೇಳಿಸ್ಕೊಳ್ಳಿ. ನಮ್ಮ ತಾರಸಿಯಿಂದ ಒಂದೇ ಒಂದು ಹುಳ ಕೆಳಗೆ ಇಳಿದಿದೆ ಅಂತ ಯಾರಾದ್ರೂ ತೋರಿಸ್ಲಿ, ಅಷ್ಟೂ ಕುಂಡ ನಾನೇ ನನ್ನ ಕೈಯಾರೆ ಕೆಳಗಿಳಿಸ್ತೀನಿ. ಭಾನುವಾರದೊಳಗೆ ತೋರಿಸೋಕೆ ಆಗ್ಲಿಲ್ಲ ಅಂದ್ರೆ ಈಯಮ್ಮ ಎಲ್ಲರ ಎದುರಿಗೆ ತಪ್ಪಾಯ್ತು ಅನ್ಬೇಕು."

ಬಾಗಿಲ ಹಿಂದೆ ತೊಳೆದ ಡಬ್ಬಿ ಹಿಡಿದು ನಿಂತಿದ್ದ ಕಂಡಕ್ಟರು, "ಅಷ್ಟೆಲ್ಲ ಯಾಕೆ ಕಣೇ..." ಎಂದರು.

"ನೀವು ಸುಮ್ನಿರಿ," ಎಂದಳು ಟೈಲರಮ್ಮ. ಅವರು ಡಬ್ಬಿ ಹಿಡಿದು ಒಳಗೆ ಹೋದರು.

ಅವತ್ತಿನಿಂದ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಲ್ಲಲಿಲ್ಲ. ಆದರೆ ಒಂದು ವಿಷಯ ಟೈಲರಮ್ಮನನ್ನು ಒಳಗೊಳಗೇ ಚುಚ್ಚುತ್ತಿತ್ತು. ಆ ಪೇಪರಿನ ಮೇಲಿದ್ದ ಹುಳದ ಪಕ್ಕೆಯಲ್ಲಿ ಬಿಳಿಗೆರೆಯಿತ್ತು. ಅದು ಟೊಮೆಟೊ ಹುಳ. ಅವಳ ಕಣ್ಣಿಗೆ ಅಷ್ಟು ತಿಳಿಯದೇ? ಆದರೆ ಅವಳು ಹಿಡಿದ ಹುಳವೆಲ್ಲ ಸೋಪಿನ ನೀರು ಕುಡಿದು ಸತ್ತಿರುವಾಗ, ಹಿಡಿಯದೆ ಬಿಟ್ಟದ್ದು ಇಲ್ಲವೆಂಬಷ್ಟು ಕಡಿಮೆಯಿರುವಾಗ, ಅದು ಕೆಳಗೆ ಹೇಗೆ ಬಂತು? ರೆಕ್ಕೆಯಿಲ್ಲ, ಕಾಲು ಇದ್ದೂ ಇಲ್ಲದ ಹಾಗೆ. ಯೋಚಿಸಿ ಯೋಚಿಸಿ ಶುಕ್ರವಾರ ಸಂಜೆ ಒಂದು ಕೋಟಿನ ತೋಳು ಕೂಡಿಸುವಾಗ ಅವಳಿಗೆ ಥಟ್ಟನೆ ಹೊಳೆಯಿತು: ಮ್ಯಾನೇಜರಮ್ಮನೇ ಮೇಲೆ ಹೋಗಿ ಹುಳ ಕದ್ದು ತಂದು ತನ್ನ ಗಿಡಕ್ಕೆ ಬಿಟ್ಟುಕೊಳ್ಳುತ್ತಿದ್ದಾಳೆ! ತಾರಸಿ ಖಾಲಿ ಮಾಡಿಸಲು ಮಾಡಿದ ಮಸಲತ್ತು. ಒಬ್ಬ ಹೆಂಗಸು ಇಷ್ಟು ಕೆಳಗಿಳಿಯಬಹುದೇ! ತೋಳು ತಿರುವುಮುರುವಾಗಿ ಕೂತಿತ್ತು. ಬಿಚ್ಚಿ ಮತ್ತೆ ಹೊಲಿದಳು.

ಅವಳನ್ನು ಮಾಲುಸಮೇತ ಹಿಡಿಯಬೇಕು. ಶನಿವಾರ ಬೆಳಿಗ್ಗೆ ಎಂದಿನಂತೆ ಹುಳ ಹಿಡಿದು, ಡಬ್ಬಿಯನ್ನು ಗಂಡನಿಗೆ ಕೊಟ್ಟು, "ಅಂಗಡಿಗೆ ಹೋಗ್ತೀನಿ" ಎಂದು ದಡದಡ ಇಳಿದಳು. ತಮ್ಮ ಮಹಡಿ ದಾಟಿ, ಮೆಟ್ಟಿಲ ತಿರುವಿನಲ್ಲಿ ನಿಂತು, ಕಂಬಿಗಳ ಸಂದಿಯಿಂದ ಮೇಲೆ ಕಣ್ಣಿಟ್ಟಳು. ಅಲ್ಲಿಂದ ಮೊಗಸಾಲೆ ಕಾಣುತ್ತಿತ್ತು, ಮ್ಯಾನೇಜರಮ್ಮನ ಬಾಗಿಲು ಕಾಣುತ್ತಿತ್ತು. ಬಾಗಿಲು ಯಾವಾಗ ತೆರೆದೀತೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

ಆ ಬಾಗಿಲು ತೆರೆಯಲಿಲ್ಲ. ತಾರಸಿಯ ಮೆಟ್ಟಿಲಿನಿಂದ ಕಂಡಕ್ಟರು ಇಳಿದು ಬಂದರು. ಆ ಕಡೆ ಈ ಕಡೆ ನೋಡಿದರು. ಮಂಡಿಯನ್ನು ಲಟಕ್ಕೆನಿಸಿ ಬಿಗೋನಿಯಾದ ಮುಂದೆ ಕೂತರು. ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು, ಡಬ್ಬಿಯ ಮುಚ್ಚಳ ಬಿಚ್ಚಿ, ಹುಳಗಳನ್ನು ಕಡ್ಡಿಗೆ ಹತ್ತಿಸಿಕೊಂಡು ಒಂದೊಂದಾಗಿ ಎಲೆಯ ಮೇಲೆ ಇಳಿಸತೊಡಗಿದರು.

"ಇಳೀರಿ, ಇಳೀರಿ," ಎನ್ನುತ್ತಿದ್ದರು, ಮೆಲ್ಲಗೆ. "ನಿಧಾನ, ಕಾಲು ನೋಡ್ಕೊಳ್ಳಿ. ಕೊನೇ ಸ್ಟಾಪು. ಏ ದಪ್ಪಣ್ಣ, ನೂಕಬೇಡ, ಎಲ್ಲಾರ್ಗೂ ಜಾಗ ಇದೆ."

ಟೈಲರಮ್ಮನ ಕೈ ಕಂಬಿಗೆ ಅಂಟಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕಿರುಚಬೇಕೆನಿಸಿತು. ಕಿರುಚಿದರೆ ಎದುರಿನ ಬಾಗಿಲು ತೆರೆಯುತ್ತದೆ. ಎರಡೆರಡು ಮೆಟ್ಟಿಲು ಹತ್ತಿಬಂದು, ಗಂಡನ ಅಂಗಿಯ ಕಾಲರಿಗೆ ಕೈಹಾಕಿ, ಡಬ್ಬಿಸಮೇತ ಮನೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಏನ್ರೀ ಇದು?"

ಕಂಡಕ್ಟರು ಡಬ್ಬಿ ನೋಡಿದರು, ನೆಲ ನೋಡಿದರು. "ನೀನೇ ಅಂದಿದ್ದಲ್ವೇನೇ," ಎಂದರು ಕೊನೆಗೆ. "ಅವು ಆ ಗಿಡ ತಿನ್ನಬಾರದಾ ಅಂತ. ಅದು ನೋಡೋ ಗಿಡ, ತಿನ್ನೋ ಗಿಡ ಅಲ್ಲ. ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ."

"ನಾನು ಬಾಯಿಮಾತಿಗೆ ಅಂದೆ! ನೀವು ನಿಜವಾಗ್ಲೂ ಹೋಗಿ ಬಿಡೋದಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಲ್ವಾ ನಿಮಗೆ? ಬಾಗಿಲಲ್ಲಿ ನಿಂತು ನಾನು ಊರಿಗೆಲ್ಲ ಕೇಳೋ ಹಾಗೆ ಮಾತು ಕೊಟ್ಟಾಗ ಬಾಯಲ್ಲಿ ಏನಿತ್ತು?"

"ಹೇಳಕ್ಕೆ ಬಂದೆ. ನೀನೇ ಸುಮ್ನಿರಿ ಅಂದೆ."

"ಆಮೇಲಾದ್ರೂ ನಿಲ್ಲಿಸಬಾರದಿತ್ತಾ?"

"ಇವತ್ತು ಬಿಡ್ತೀನಿ, ನಾಳೆ ಬಿಡ್ತೀನಿ ಅಂತ ದಿನಾ ಅಂದ್ಕೋತಿದ್ದೆ. ಬೆಳಗಾದ್ರೆ ಡಬ್ಬಿ ಕೈಗೆ ಕೊಡ್ತೀಯ. ಎಲ್ಲಿ ಬಿಡ್ಲಿ ಅವನ್ನ? ಮೊದಲು ಕೆಳಗೆ ಮೋರಿ ಪಕ್ಕದ ಹುಲ್ಲಿಗೆ ಬಿಡ್ತಿದ್ದೆ, ಈಗ ಬೀದಿಯೆಲ್ಲ ಸಿಮೆಂಟು. ಸೋಪಿನ ನೀರಿಗೆ ಹಾಕಕ್ಕೆ ನನ್ನ ಕೈಲಿ ಆಗಲ್ಲ ಕಣೇ. ಮೊದಲನೇ ದಿನಾನೂ ಆಗ್ಲಿಲ್ಲ. ನೀನು ಕೇಳ್ಳೇ ಇಲ್ಲ."

"ಹುಳ ಕಣ್ರೀ ಅವು! ಹುಳ! ಕೊಡಿ ಇಲ್ಲಿ, ನಾನೇ ಮಾಡ್ತೀನಿ." ಡಬ್ಬಿ ಕಿತ್ತುಕೊಂಡು ಅಡುಗೆಮನೆಗೆ ಹೋದಳು. ಬೋಗುಣಿಗೆ ನೀರು ಬಿಟ್ಟಳು, ಸೋಪು ಕಲಸಿ ನೊರೆ ಎಬ್ಬಿಸಿದಳು, ಡಬ್ಬಿಯ ಮುಚ್ಚಳ ತೆಗೆದಳು. ಉಳಿದಿದ್ದ ಹುಳಗಳು ತಳದಲ್ಲಿ ಒಂದರ ಮೇಲೊಂದು ಹೊರಳುತ್ತಿದ್ದವು. ಒಂದು ಮಾತ್ರ ಅಂಚಿಗೆ ಹತ್ತಿ, ಅರ್ಧ ಮೈಯನ್ನು ಗಾಳಿಗೆ ಎತ್ತಿ, ಎಲೆ ಎಲ್ಲಿ ಎಂದು ಆ ಕಡೆ ಈ ಕಡೆ ತಡಕಾಡುತ್ತಿತ್ತು.

ಟೈಲರಮ್ಮ ಡಬ್ಬಿ ಓರೆ ಮಾಡಿದಳು. ಮತ್ತೆ ನೆಟ್ಟಗೆ ಹಿಡಿದಳು. ಸೋಪು ಸಾಲದೇನೋ ಎಂದು ಇನ್ನಷ್ಟು ಕಲಸಿದಳು. ನೀರು ತಣ್ಣಗಿದೆ ಎನಿಸಿತು. ಬಿಸಿಯಾಗಿದ್ದರೆ ಒಳ್ಳೆಯದಾ, ತಣ್ಣಗಿದ್ದರೆ ಒಳ್ಳೆಯದಾ? ಯಾರನ್ನು ಕೇಳುವುದು?

"ಆಗಲ್ಲ, ಅಲ್ವಾ?" ಎಂದರು ಕಂಡಕ್ಟರು, ಬಾಗಿಲಲ್ಲಿ ನಿಂತು. ಆ ದನಿಯಲ್ಲಿ ಗೆದ್ದ ಹೆಮ್ಮೆಯೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳಿಗೆ ತನ್ನ ಮೇಲೇ ರೇಗಿತು. ವಿಷ ಹಾಕದ ತೋಟ, ಚಿಮಟದ ಕೈಚಳಕ, ಎಲ್ಲದರ ಹೆಸರು ತನಗೆ. ಕೊಲ್ಲುವ ಕೆಲಸ ಮಾತ್ರ ಮುಚ್ಚಳ ಹಾಕಿ ಗಂಡನ ಕೈಗೆ. ದಿನಾ ಬೆಳಿಗ್ಗೆ ಕೊಟ್ಟಿದ್ದಾಳೆ, ಒಂದು ದಿನವಾದರೂ ನಿಮಗೆ ಆಗುತ್ತದಾ ಎಂದು ಕೇಳಿರಲಿಲ್ಲ. ಮ್ಯಾನೇಜರಮ್ಮನನ್ನು ಎಲ್ಲರ ಎದುರು ಕೊಲೆಗಾತಿ ಎಂದು ಕರೆದ ಬಾಯಿ ಇದೇ.

"ನಾಳೆ ಮೀಟಿಂಗಲ್ಲಿ ನಾನೇ ಹೇಳ್ತೀನಿ ಬಿಡು," ಎಂದರು ಕಂಡಕ್ಟರು.

"ನೀವು ಬಾಯಿ ಬಿಟ್ರೆ ನೋಡಿ. ಮಾತು ಕೊಟ್ಟಿದ್ದು ನಾನು."

ಹಾಗೆ ನೋಡಿದರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಂಡವಳು ಅವಳೊಬ್ಬಳೇ. ನಾಳೆ ತುಟಿ ಹೊಲಿದುಕೊಂಡು ಕೂತರೆ ಗೆಲುವು ಅವಳದೇ, ಎಲೆಕೋಸು ಅವಳದೇ, ಮ್ಯಾನೇಜರಮ್ಮ ಎಲ್ಲರ ಎದುರು ತಪ್ಪಾಯ್ತು ಎನ್ನಬೇಕು. ಎಷ್ಟು ದಿನದಿಂದ ಆ ಒಂದು ಮಾತಿಗೆ ಬಾಯಿ ಚಪ್ಪರಿಸಿಕೊಂಡು ಕಾದಿದ್ದಳು! ಈಗ ಅದು ಬೇಡವಾಗಿತ್ತು. ಆಡಿದ ಮಾತು ಹೊಲಿಗೆಯಲ್ಲ, ಬಿಚ್ಚಿ ಮತ್ತೆ ಹಾಕಲು. ಡಬ್ಬಿಯ ಮುಚ್ಚಳ ಒತ್ತಿ, ಎದುರುಮನೆಯ ಗಂಟೆ ಬಾರಿಸಿದಳು. ಕಂಡಕ್ಟರು ಅವಳ ಬೆನ್ನ ಹಿಂದೆ ಬಂದು ನಿಂತರು.

ಮ್ಯಾನೇಜರಮ್ಮ ಬಾಗಿಲು ತೆರೆದಳು. ಕೈಯಲ್ಲಿ ಎಲೆ ಒರಸುವ ಒದ್ದೆ ಬಟ್ಟೆ.

"ನೀವು ಹೇಳಿದ್ದು ನಿಜ," ಎಂದಳು ಟೈಲರಮ್ಮ, ಜಗಳದ ದನಿಯಲ್ಲೇ. ಅವಳಿಗೆ ಬೇರೆ ದನಿ ಬರಲಿಲ್ಲ. "ಹುಳ ನಮ್ದೇ. ತಾವಾಗಿ ಇಳೀಲಿಲ್ಲ, ನಮ್ಮನೆಯವರು ತಂದು ಬಿಟ್ಟಿದ್ದು. ಅದೂ ನನ್ನ ಬಾಯಿಂದಾನೇ ಬಂದ ಮಾತು. ಇಲ್ಲಿದಾವೆ ಉಳಿದವು. ನಮ್ಮಿಬ್ಬರ ಕೈಲೂ ಕೊಲ್ಲಕ್ಕೆ ಆಗ್ತಿಲ್ಲ. ತಗೊಳ್ಳಿ, ನಿಮ್ಮ ಗಿಡ ತಿಂದಿರೋದು, ನೀವೇ ಏನು ಬೇಕಾದ್ರೂ ಮಾಡಿ."

ಮ್ಯಾನೇಜರಮ್ಮ ಡಬ್ಬಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಅವಳ ಮುಖಕ್ಕೆ ಬಂದ ಸಿಟ್ಟು ನೋಡಬೇಕಿತ್ತು.

"ಎಲ್ಲರೆದುರು ನನ್ನನ್ನ ಕೊಲೆಗಾತಿ ಅಂದ್ರಿ. ಈಗ ಕೊಲ್ಲೋ ಕೆಲಸಾನ ಡಬ್ಬಿಗೆ ತುಂಬಿ ನನ್ನ ಬಾಗಿಲಿಗೆ ತಂದಿದೀರಾ? ನಾನು ಹುಳ ಮುಟ್ಟಲ್ರೀ! ಮುಟ್ಟೋ ಹಾಗಿದ್ರೆ ಔಷಧಿಯವನ್ನ ಯಾಕೆ ಕರೆಸಿ ಅಂತಿದ್ದೆ? ಅವನು ಹೊಡೀತಾನೆ, ನಾನು ಬಾಗಿಲು ಹಾಕ್ಕೊಂಡು ಒಳಗಿರ್ತೀನಿ."

"ಹಾಗಿದ್ರೆ ನೀವೂ ನಮ್ಮ ಥರಾನೇ," ಎಂದುಬಿಟ್ಟರು ಕಂಡಕ್ಟರು.

ಇಬ್ಬರು ಹೆಂಗಸರೂ ಅವರನ್ನು ಒಂದೇ ಸಲ ದುರುಗುಟ್ಟಿ ನೋಡಿದರು.

ಮ್ಯಾನೇಜರಮ್ಮ ಮೊಗಸಾಲೆಗೆ ಬಂದು ಬಿಗೋನಿಯಾದ ಮುಂದೆ ನಿಂತಳು. ಟೈಲರಮ್ಮ ಅಂದು ಮೊದಲ ಸಲ ಆ ಗಿಡವನ್ನು ಮುಖ ತಿರುಗಿಸದೆ ನೋಡಿದಳು. ಎಲೆಗಳ ನರ ಮಾತ್ರ ಉಳಿದಿತ್ತು. ನಡುವಿನ ಕುಡಿಯೂ ಹೋಗಿತ್ತು.

"ಒಂದೇ ಒಂದು ಎಲೆಯಿಂದ ಬೆಳೆಸಿದ್ದು," ಎಂದಳು ಮ್ಯಾನೇಜರಮ್ಮ. "ನನ್ನ ಆಫೀಸಿನ ಕಿಟಕಿಯಲ್ಲಿತ್ತು. ರಿಟೈರ್ ಆದ ದಿನ ಅಲ್ಲಿಂದ ನನ್ನ ಜೊತೆ ಮನೆಗೆ ಬಂದಿದ್ದು ಇದೊಂದೇ. ತಿನ್ನೋಕೆ ಬರಲ್ಲ, ನಿಜ." ಒದ್ದೆ ಬಟ್ಟೆಯಿಂದ ಒರಸಲು ಎಲೆ ಹುಡುಕಿದಳು. ಒರಸುವಂಥದ್ದು ಸಿಗಲಿಲ್ಲ. "ನಾಳೆ ನಾನು ಏನೂ ಹೇಳಲ್ಲ. ನೀವೇ ಹೇಳಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಟೈಲರಮ್ಮ ಡಬ್ಬಿಯನ್ನು ಕಂಡಕ್ಟರಿಗೆ ಕೊಡಲು ಹೋಗಿ ಕೈ ಹಿಂದೆಳೆದುಕೊಂಡಳು. ಬಿಗೋನಿಯಾದ ಮುಂದೆ ಕೂತು, ಬೆಳಿಗ್ಗೆ ಇಳಿದಿದ್ದ ಹುಳಗಳನ್ನೂ ಹಳೆಯವನ್ನೂ ಚಿಮಟದಲ್ಲಿ ಹಿಡಿದು ಡಬ್ಬಿಗೆ ಹಾಕಿದಳು. ಆ ದಿನ ಅಂಗಡಿ ತೆರೆಯಲಿಲ್ಲ.

ಭಾನುವಾರ ಎಲ್ಲರೂ ತಾರಸಿಯಲ್ಲಿ ಸೇರಿದರು. ಜಗಳ ನೋಡಲು ಬಂದವರೇ ಹೆಚ್ಚು, ಒಬ್ಬರು ಕುರ್ಚಿಯನ್ನೂ ತಂದಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುವ ಮುಂಚೆಯೇ ಟೈಲರಮ್ಮ ಎದ್ದಳು. "ಹುಳ ನಮ್ಮನೆಯಿಂದಲೇ ಹೋಗಿದ್ದು. ತಪ್ಪು ನಂದು. ಕೊಟ್ಟ ಮಾತಿನ ಹಾಗೆ ಕುಂಡ ಇಳಿಸ್ತೀನಿ." ಯಾರ ಮುಖವನ್ನೂ ನೋಡದೆ, ಬಗ್ಗಿ, ಮೊದಲನೆಯ ಎಲೆಕೋಸಿನ ಬಕೆಟ್ಟು ಎತ್ತಿಕೊಂಡು ಮೆಟ್ಟಿಲಿಳಿದಳು. ಹಿಂದೆಯೇ ಕಂಡಕ್ಟರು ಬದನೆ ಕುಂಡ ಅಪ್ಪಿಕೊಂಡು ಇಳಿದರು.

"ಹಾಗಾದ್ರೆ ಮೀಟಿಂಗ್ ಮುಗೀತಾ?" ಎಂದರು ಅಧ್ಯಕ್ಷರು, ನಿರಾಸೆಯಿಂದ.

ಇಳಿಸುವುದೇನೋ ಸರಿ, ಎಲ್ಲಿಗೆ ಎಂದು ಯಾರೂ ಯೋಚಿಸಿರಲಿಲ್ಲ, ಟೈಲರಮ್ಮನೂ ಸೇರಿ. ಮನೆಯೊಳಗೆ ಬಟ್ಟೆಯ ಗಂಟುಗಳು. ಕುಂಡ ಇಡಲು ಜಾಗವೆಂದರೆ ಮೊಗಸಾಲೆ. ಎಲೆಕೋಸಿನ ಬಕೆಟ್ಟು ಜೆರೇನಿಯಮ್ಮಿನ ಪಕ್ಕ ಬಂತು. ಬದನೆ ಕ್ರೋಟನ್ನಿಗೆ ಒರಗಿತು. ಟೊಮೆಟೊದ ಟ್ರಂಕು ಬಂದಾಗ ಮ್ಯಾನೇಜರಮ್ಮನ ಬಾಗಿಲಿಗೆ ಹೋಗಲು ದಾರಿಯೇ ಇಲ್ಲವಾಯಿತು. ಕೆಳಗಿಳಿದು ಬಂದ ಮ್ಯಾನೇಜರಮ್ಮ ಮೆಟ್ಟಿಲ ಮೇಲೇ ಸಿಕ್ಕಿಹಾಕಿಕೊಂಡಳು.

"ಏನ್ರೀ ಇದು? ಇಷ್ಟು ದಿನ ಡಬ್ಬೀಲಿ ತಂದ್ರಿ, ಈಗ ಗಿಡಸಮೇತ ತರ್ತಿದೀರಾ?"

"ಕೊಟ್ಟ ಮಾತು ಉಳಿಸ್ಕೋತಿದೀನಿ."

"ನಿಮ್ಮ ಮಾತು ಉಳಿಸ್ಕೊಳ್ಳಕ್ಕೆ ನನ್ನ ಮನೆ ಬಾಗಿಲೇ ಬೇಕಾ? ಮೇಲಕ್ಕೆ ತಗೊಂಡು ಹೋಗ್ರಿ!"

"ಇಳಿಸ್ತೀನಿ ಅಂದಿದ್ದೆ, ಇಳಿಸಿದೀನಿ. ಮತ್ತೆ ಹತ್ತಿಸ್ತೀನಿ ಅಂತ ಯಾವತ್ತೂ ಅಂದಿಲ್ಲ."

"ಇಳಿಸಿ ಆಯ್ತು, ಎಲ್ಲರೂ ನೋಡಿ ಆಯ್ತು. ಈಗ ನಾನು ಹೇಳ್ತಿದೀನಿ, ಹತ್ತಿಸಿ." ಮ್ಯಾನೇಜರಮ್ಮ ಬೆರಳೆತ್ತಿದಳು. ಬ್ಯಾಂಕಿನಲ್ಲಿ ಆ ಬೆರಳಿಗ್ಯಾರೂ ಎದುರಾಡಿರಲಾರರು. "ಒಂದು ಷರತ್ತು. ನನಗೆ ವಿಷಾನೂ ಬೇಡ, ನಿಮ್ಮ ಕ್ಷಮೆನೂ ಬೇಡ. ಹಿಡಿದೋರೇ ಕೊಲ್ಬೇಕು. ನೀವು, ನಿಮ್ಮ ಕೈಯಾರೆ. ಅವರಿಗೆ ಕೊಡಕೂಡದು. ನಾನು ನಿಂತು ನೋಡ್ತೀನಿ. ಆಗಲ್ಲ ಅಂದ್ರೆ ಇವತ್ತೇ ಆ ಎಲೆಕೋಸು ಹುಳಕ್ಕೇ ಬಿಟ್ಟುಬಿಡಿ."

ಟೈಲರಮ್ಮನಿಗೆ ಒಂದು ಖಾರವಾದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆಂಗಸು ಹೇಳುತ್ತಿದ್ದುದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಬೇರೆ ಯಾವ ಬೈಗುಳವೂ ಇಷ್ಟು ನಾಟುತ್ತಿರಲಿಲ್ಲ.

ಕುಂಡಗಳು ಮತ್ತೆ ಮೇಲೆ ಹತ್ತಿದವು. ಜಗಳ ನೋಡಲು ಬಂದವರೆಲ್ಲ ಬೆನ್ನು ಹಿಡಿದುಕೊಂಡು ಒಂದೊಂದು ಹೊತ್ತರು, ಕುರ್ಚಿ ತಂದವರೂ ಹೊತ್ತರು. ಎಲ್ಲರೂ ಇಳಿದುಹೋದ ಮೇಲೆ ತಾರಸಿಯಲ್ಲಿ ಮೂವರೇ ಉಳಿದರು. ಟೈಲರಮ್ಮ ಸೋಪಿನ ನೀರಿನ ಬೋಗುಣಿಯನ್ನು ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಒಂದು ಟೊಮೆಟೊ ಎಲೆಯಿತ್ತು, ಅರ್ಧ ತಿಂದದ್ದು. ರಾತ್ರಿ ಹಸಿದಿರಬಾರದೆಂದು ಹಾಕಿದವರು ಯಾರೆಂದು ಕೇಳಬೇಕಿರಲಿಲ್ಲ. ಅವರು ಟ್ಯಾಂಕಿನ ಕಡೆ ಮುಖ ಮಾಡಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು.

ಮ್ಯಾನೇಜರಮ್ಮ ಕಣ್ಣು ಕಿರಿದು ಮಾಡಿಕೊಂಡಿದ್ದಳು, ಮುಚ್ಚಿರಲಿಲ್ಲ. ಟೈಲರಮ್ಮನೂ ಮುಚ್ಚಲಿಲ್ಲ. ಬಿಳಿಗೆರೆಯ ಹುಳ ಅಂಚಿಗೆ ಬಂದು ಅರ್ಧ ಮೈ ಎತ್ತಿ ತಡಕಾಡಿತು. ಅವಳು ಡಬ್ಬಿಯನ್ನು ನೊರೆಯೊಳಗೆ ಬಗ್ಗಿಸಿ, ಎಲ್ಲ ನಿಲ್ಲುವ ತನಕ ಅಲ್ಲೇ ಹಿಡಿದಳು. ಅವಳು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಬೇಕಾಯಿತು. ಕಣ್ಣು ತುಂಬಿತು, ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಮ್ಯಾನೇಜರಮ್ಮ "ಸರಿ" ಎಂದಷ್ಟೇ ಹೇಳಿ ಕೆಳಗಿಳಿದು ಹೋದಳು.

ಟೈಲರಮ್ಮ ಡಬ್ಬಿಯನ್ನು ತಾನೇ ತೊಳೆದಳು, ಸೆರಗಿನ ಅಂಚಿನಲ್ಲಿ ಒರಸಿದಳು. ಅಷ್ಟಾದರೂ ಕಂಡಕ್ಟರು ತಿರುಗಿ ನೋಡಲಿಲ್ಲ.

"ಎಲ್ಲಾರೂ ಇಳಿದ್ರಾ?" ಎಂದರು.

"ಇಳಿದ್ರು," ಎಂದಳು ಟೈಲರಮ್ಮ.